ದ್ರಾಕ್ಷಿಯೂ ನಾಲಗೆಯೂ

ಮನೆಮಂದಿಯೆಲ್ಲ ಕೂಡಿ ಓದತಕ್ಕ ಈ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೆ ಎಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಿಯಾರು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಭಾನುವಾರ ಬಂತೆಂದರೆ ಈಗ ಜನರು ಕುಟುಂಬಸಮೇತರಾಗಿ ದ್ರಾಕ್ಷಿಯ ತೋಟಗಳನ್ನು ನೋಡಲು ಹೋಗುತ್ತಾರೆ. ಬೆಳಗ್ಗೆ ಭೋಗನಂದೀಶ್ವರನ ಗುಡಿಯ ಮುಂದೆ ನಿಂತಿದ್ದ ಕಾರೇ ಮಧ್ಯಾಹ್ನದ ಹೊತ್ತಿಗೆ ತೋಟದ ಬಾಗಿಲಲ್ಲಿ ನಿಂತಿರುತ್ತದೆ. ಅಲ್ಲಿ ಹಣ ತೆತ್ತು ಚೀಟಿ ಪಡೆದವರಿಗೆ ಒಬ್ಬ ಮಾರ್ಗದರ್ಶಿಯು ಬಳ್ಳಿಯಿಂದ ಸೀಸೆಯವರೆಗೆ ಎಲ್ಲವನ್ನೂ ತೋರಿಸಿ, ಕಟ್ಟಕಡೆಗೆ ನಾಲ್ಕೈದು ಬಗೆಯ ವೈನನ್ನು ರುಚಿ ನೋಡಲು ಕೊಡುತ್ತಾನೆ. ಹೋಗುವವರು ಹೋಗುತ್ತಲೇ ಇದ್ದಾರೆ. ನಾವು ಬರೆಯದಿದ್ದರೆ ಅವರು ನಿಲ್ಲುವುದಿಲ್ಲ, ಬರೆದರೆ ಹೆಚ್ಚುವುದೂ ಇಲ್ಲ. ಹೋದಲ್ಲಿ ನೋಡತಕ್ಕದ್ದೇನು, ಕೇಳತಕ್ಕದ್ದೇನು, ನಾಲಗೆಯ ಮೇಲೆ ಬಿದ್ದದ್ದನ್ನು ಏನೆಂದು ಹೆಸರಿಸಬೇಕು ಎಂಬುದು ಗೃಹಸ್ಥರಿಗೆ ತಿಳಿದಿದ್ದರೆ ಕೆಡುಕೇನೂ ಇಲ್ಲವಷ್ಟೆ.

ನಾವು ಹೋದುದಕ್ಕೆ ಬೇರೆಯೇ ಕಾರಣವಿತ್ತು. ನಮ್ಮ ಬಳಿ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿತ ಹುಡುಗನೊಬ್ಬನು, ಆ ಸೀಮೆಯ ಬೆಳೆಗಾರರ ಮಗ, ಮುಂದೆ ವಿಜ್ಞಾನವನ್ನೋದಿ ಈಗ ನಂದಿಯ ತಪ್ಪಲಿನ ಅಂಥದೊಂದು ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದಾನೆ. ರಸವನ್ನು ಹುದುಗಿಸುವ ವಿಭಾಗ ಅವನದು. ಭಾನುವಾರಗಳಲ್ಲಿ ಬಂದವರಿಗೆ ತೋರಿಸುವ ಕೆಲಸವೂ ಅವನ ಪಾಲಿಗೇ ಬಿದ್ದಿದೆ. ಅವನ ತಾಯಿ ನೆಂಟರಿಷ್ಟರ ಮುಂದೆ ಮಗನು ‘ಹಣ್ಣಿನ ಕಂಪನಿ’ಯಲ್ಲಿದ್ದಾನೆಂದು ಹೇಳಿಕೊಂಡು ಬಂದಿದ್ದಾರೆ. ಎರಡು ಕಡೆ ಹೆಣ್ಣು ನೋಡಿ, ಮಾತು ಮುಂದುವರಿದು, ಆ ಕಂಪನಿಯಲ್ಲಿ ಹಣ್ಣನ್ನು ಏನು ಮಾಡುತ್ತಾರೆಂಬುದು ತಿಳಿದೊಡನೆ ಸಂಬಂಧ ನಿಂತುಹೋಯಿತಂತೆ. “ನೀವೊಂದು ಸಲ ಹೋಗಿ ನೋಡಿಕೊಂಡು ಬನ್ನಿ ಮೇಷ್ಟ್ರೇ. ಅವನು ಮಾಡೋದು ಹೆಂಡದ ಕೆಲಸ ಹೌದೋ ಅಲ್ಲವೋ, ನಿಮ್ಮ ಬಾಯಿಂದ ಕೇಳಬೇಕು” ಎಂದು ಆಕೆ ನಮ್ಮಲ್ಲಿಗೆ ಬಂದು ಕೇಳಿದರು. ಈ ಮಾಘಮಾಸದಲ್ಲಿ, ಸುಗ್ಗಿಯ ಕಾಲವೇ ಆದ್ದರಿಂದ, ನಾವು ಹೊರಟೆವು. ಕಾರ್ಖಾನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತಾದೀತು, ತೆಗಳಿದರೆ ಹುಡುಗನ ಅನ್ನಕ್ಕೆ ಸಂಚಕಾರ ಬಂದೀತು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ನಾವು ಚಿಕ್ಕಂದಿನಲ್ಲಿ ಕಾಗದದ ಪೊಟ್ಟಣದಲ್ಲಿ ಕೊಂಡು, ಸಿಪ್ಪೆಯನ್ನು ಉಗಿದು ತಿರುಳನ್ನು ನುಂಗುತ್ತಿದ್ದ ಆ ಕಪ್ಪು ಹಣ್ಣೇ ‘ಬೆಂಗಳೂರು ನೀಲಿ’. ಅದಕ್ಕೆ ಈಗ ಭೌಗೋಳಿಕ ಸೂಚಿಯ ಮುದ್ರೆಯೂ ದೊರೆತಿದೆ. ಅದು ಪಾನಕಕ್ಕೂ ಸಿಹಿಯಾದ ಅಗ್ಗದ ವೈನಿಗೂ ಆಗುತ್ತದೆಯೇ ಹೊರತು, ಅದರ ಕಡುವಾಸನೆಯ ದೆಸೆಯಿಂದ ಯೂರೋಪಿನವರು ಮೆಚ್ಚುವ ವೈನಿಗೆ ಆಗುವುದಿಲ್ಲವೆಂದು ತಜ್ಞರ ಅಭಿಪ್ರಾಯ. 1988ರಲ್ಲಿ ಕಂವಲ್ ಗ್ರೋವರ್ ಎಂಬ ಉದ್ಯಮಿಯು ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ಪರಿಣತರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟವನ್ನೂ ಕಾರ್ಖಾನೆಯನ್ನೂ ಸ್ಥಾಪಿಸಿದ ಮೇಲೆ ಈ ಹೊಸ ಕೃಷಿ ಇಲ್ಲಿ ಬೇರೂರಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಒಂದು ನೀತಿಯನ್ನು ಹೊರಡಿಸಿ ಅದಕ್ಕೆ ಉತ್ತೇಜನ ಕೊಟ್ಟಿತು. ಅದೇ 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಒಂದೇ ಸರ್ಕಾರ, ಒಂದೇ ವರ್ಷ. ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯಿತು. ಮುಚ್ಚಿದ ಬಾಗಿಲು ಬಡವನದು, ತೆರೆದದ್ದು ಉಳ್ಳವನದು ಎಂದು ಯಾರಾದರೂ ಅಂದರೆ ಅದಕ್ಕೆ ಪ್ರತ್ಯುತ್ತರ ಕೊಡುವುದು ಸುಲಭವಲ್ಲ. ಇರಲಿ, ತೋಟಕ್ಕೆ ಬರೋಣ.

ಅಂದು ನಮ್ಮೊಡನೆ ಹದಿನೈದು ಜನರಿದ್ದರು. ತುಮಕೂರಿನ ಕಡೆಯ ಒಂದು ಸಂಸಾರ, ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರು, ನಮ್ಮಷ್ಟೇ ವಯಸ್ಸಿನ ದಂಪತಿಗಳೊಬ್ಬರು. ಶಿಷ್ಯನು ನಮ್ಮನ್ನೆಲ್ಲ ಬಳ್ಳಿಗಳ ಸಾಲಿನ ನಡುವೆ ಕರೆದೊಯ್ದನು. ಊರಿನ ಚಪ್ಪರದ ದ್ರಾಕ್ಷಿಯಂತೆ ತಲೆಯ ಮೇಲೆ ಹಬ್ಬಿದ್ದಲ್ಲ ಅದು. ತಂತಿಯ ಬೇಲಿಗೆ ಒರಗಿಸಿ, ಎದೆಯೆತ್ತರಕ್ಕೆ ನಿಲ್ಲಿಸಿದ ಬಳ್ಳಿ. ಗೊಂಚಲು ಗಿಡ್ಡ, ಕಾಳು ಕಡಲೆಗಿಂತ ಕೊಂಚ ದಪ್ಪ, ಒಳಗೆ ಬೀಜವೇ ಹೆಚ್ಚು. ತುಮಕೂರಿನ ಸಂಸಾರದ ಗೃಹಿಣಿ ಒಂದನ್ನು ಬಾಯಿಗೆ ಹಾಕಿಕೊಂಡು, “ಇದೇನು, ಇಷ್ಟು ಸಿಹಿ!” ಎಂದರು. ಸಿಹಿಯೇ ಅದರ ಬಂಡವಾಳ. ಶಿಷ್ಯನು ಒಂದು ತೊಟ್ಟು ರಸವನ್ನು ಪುಟ್ಟ ದುರ್ಬೀನಿನಂಥ ಯಂತ್ರದ ಗಾಜಿನ ಮೇಲೆ ಹಿಂಡಿ, ಬಿಸಿಲಿಗೆ ಹಿಡಿದು ನಮಗೆ ನೋಡಲು ಕೊಟ್ಟನು. ಗೆರೆಯು 23ರ ಬಳಿ ನಿಂತಿತ್ತು. ನೂರು ಗ್ರಾಮ್ ರಸದಲ್ಲಿ ಸುಮಾರು 23 ಗ್ರಾಮ್ ಸಕ್ಕರೆ ಎಂದು ಅದರ ಅರ್ಥ. 22ರಿಂದ 24ರೊಳಗೆ ಬಂದಾಗ ಕೊಯ್ಯುತ್ತಾರೆ, ಅದೂ ಬೆಳಕು ಹರಿಯುವ ಮುನ್ನ ತಂಪಿನಲ್ಲಿ.

ಯೂರೋಪಿನಲ್ಲಿ ಈ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದಕಾರಣ ಇಲ್ಲಿಯವರು ಅದನ್ನು ವರ್ಷಕ್ಕೆರಡು ಬಾರಿ ಸವರುತ್ತಾರೆ: ಏಪ್ರಿಲಿನಲ್ಲಿ ಒಮ್ಮೆ, ಕೊಂಬೆ ಬಲಿಯಲೆಂದು, ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಮತ್ತೊಮ್ಮೆ, ಹೂ ಕಾಯಿಗಳಿಗೆಂದು. ಬೆಂಗಳೂರು ನೀಲಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುವ ರೂಢಿಯುಂಟು. ವೈನಿನ ತಳಿಗಳಿಂದ ಒಂದೇ ಬೆಳೆ, ಮಾಘ ಫಾಲ್ಗುಣಗಳ ಒಣಹವೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಹಗಲು ಕಾದರೂ ಇರುಳು ತಣ್ಣಗಿರುವುದರಿಂದ ಹಣ್ಣಿನ ಹುಳಿಯು ಕಳೆದುಹೋಗದೆ ಉಳಿಯುತ್ತದೆ. ಬಳ್ಳಿಯ ಬುಡದಲ್ಲಿ ಗಂಟೊಂದು ಕಂಡಿತು. ಮೇಲಿನದು ಫ್ರಾನ್ಸಿನ ತಳಿ, ಕೆಳಗಿನ ಬೇರು ಅಮೆರಿಕದ ಕಾಡುದ್ರಾಕ್ಷಿಯದು. 1860ರ ದಶಕದಲ್ಲಿ ಬೇರನ್ನು ಹೀರುವ ಒಂದು ಸಣ್ಣ ಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ಹಾಳುಗೆಡಹಿದಾಗ, ಆ ಹೇನಿಗೆ ಜಗ್ಗದ ಅಮೆರಿಕದ ಬೇರಿಗೇ ಕಸಿ ಕಟ್ಟಿ ಫ್ರಾನ್ಸಿನವರು ಬಳ್ಳಿಯನ್ನು ಉಳಿಸಿಕೊಂಡರು. ನಮ್ಮ ಬೆಳೆಗಾರರಾದರೋ ಬರ ಮತ್ತು ಚೌಳುಗಳನ್ನು ತಾಳುವ ಗುಣಕ್ಕಾಗಿ ಅಂಥ ಬೇರನ್ನು ಬಳಸುತ್ತಾರೆ.

ಫಲಕವೊಂದರ ಮೇಲೆ ‘ನಂದಿ’ಯ ಹೆಸರನ್ನು ದೊಡ್ಡದಾಗಿ ಬರೆದಿತ್ತು. ವೈನಿಗೆ ಹುಟ್ಟಿದ ಊರಿನ ಹೆಸರೇ ಮರ್ಯಾದೆಯೆಂದು ಶಿಷ್ಯನು ವಿವರಿಸಿ, ಫ್ರಾನ್ಸಿನಲ್ಲಿ 1935ರಲ್ಲಿ ಅದಕ್ಕೆ ರಾಷ್ಟ್ರವ್ಯಾಪಿಯಾದ ಕಟ್ಟಳೆಯನ್ನು ಮಾಡಿದರೆಂದು ಹೇಳಿದನು. ನಮಗೆ ಒಡನೆಯೇ ಕೌಟಿಲ್ಯನು ನೆನಪಾದನು. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದುಂಟು. ಅಲ್ಲಿ ದ್ರಾಕ್ಷಿಯ ರಸದಿಂದಾದ ಮದ್ಯವನ್ನು ‘ಮಧು’ವೆಂದು ಕರೆದು, ಅದನ್ನು ಅದು ಹುಟ್ಟಿದ ದೇಶದ ಹೆಸರಿನಿಂದಲೇ ಗುರುತಿಸತಕ್ಕದ್ದೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬೆರಡು ಹೆಸರುಗಳನ್ನು ಕೊಟ್ಟಿದೆ. ಕಾಪಿಶೀ ಎಂದರೆ ಈಗಿನ ಆಫಘಾನಿಸ್ತಾನದ ಬೆಗ್ರಾಮಿನ ಸುತ್ತಣ ಸೀಮೆ. ಈ ಕಾಪಿಶಾಯನ ಶಬ್ದವನ್ನು ಸಾಧಿಸುವುದಕ್ಕಾಗಿ ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಪ್ರತ್ಯೇಕವಾದ ಸೂತ್ರವೇ ಇದೆ. ವ್ಯಾಖ್ಯಾನಕಾರರು ಅದಕ್ಕೆ ಅಲ್ಲಿಯ ದ್ರಾಕ್ಷಿಯನ್ನೂ ಮಧುವನ್ನೂ ಉದಾಹರಿಸುತ್ತಾರೆ. ವ್ಯಾಕರಣ ಓದುವಾಗ ಈ ಪ್ರತ್ಯಯಗಳನ್ನು ಗಟ್ಟಿ ಮಾಡಿ ಒಪ್ಪಿಸಿದ ಹುಡುಗ ಈಗ ಅದೇ ಪದಾರ್ಥದ ನಡುವೆ ನಿಂತಿದ್ದನು. ನಾವು ಹೇಳಿದ್ದನ್ನು ಕೇಳಿ ಅವನು ನಕ್ಕು, “ಪರೀಕ್ಷೆಗೆ ಇದು ಬರಲೇ ಇಲ್ಲ ಮೇಷ್ಟ್ರೇ” ಎಂದನು.

ಒಳಗಣ ಕೆಲಸವನ್ನು ಚಿಕ್ಕದಾಗಿ ಹೇಳಿಬಿಡಬಹುದು. ಗೊಂಚಲಿನಿಂದ ಕಾಳನ್ನು ಬಿಡಿಸಿ ಒಡೆಯುವ ಯಂತ್ರ ಒಂದು, ಹಿಂಡುವ ಯಂತ್ರ ಒಂದು. ಕಪ್ಪು ದ್ರಾಕ್ಷಿಯಲ್ಲಿಯೂ ರಸವು ಬಹುಮಟ್ಟಿಗೆ ಬಣ್ಣವಿಲ್ಲದ್ದೇ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಬಿಳಿಯ ವೈನಿಗೆ ಮೊದಲೇ ಹಿಂಡಿ ಸಿಪ್ಪೆಯನ್ನು ತೆಗೆದುಬಿಡುತ್ತಾರೆ. ಕೆಂಪಿಗೆ ಸಿಪ್ಪೆ ಬೀಜಗಳ ಸಮೇತ ಒಂದೆರಡು ವಾರ ಹುದುಗಲು ಬಿಡುತ್ತಾರೆ. ಹುದುಗುವಾಗ ಸಿಪ್ಪೆಯು ಮೇಲೆದ್ದು ಹೊದಿಕೆಯಂತೆ ನಿಲ್ಲುವುದರಿಂದ ದಿನಕ್ಕೆ ಹಲವು ಸಲ ಅದನ್ನು ರಸದೊಳಕ್ಕೆ ಅದ್ದಬೇಕು. ಆಳೆತ್ತರವನ್ನು ಮೀರಿದ ಉಕ್ಕಿನ ಹಂಡೆಗಳು. ಅವುಗಳ ಸುತ್ತಲೂ ತಣ್ಣೀರು ಹರಿಯುವ ಕವಚ. ಬಿಳಿಯದನ್ನು 14ರಿಂದ 18 ಡಿಗ್ರಿಯೊಳಗೂ ಕೆಂಪನ್ನು 25ರಿಂದ 30ರೊಳಗೂ ಕಾಪಾಡುತ್ತಾರೆ. ನಮ್ಮ ಶಿಷ್ಯನು ಸುಗ್ಗಿಯ ಕಾಲದಲ್ಲಿ ರಾತ್ರಿಯೆಲ್ಲ ಎದ್ದು ಕಾಯುವುದು ಈ ಡಿಗ್ರಿಗಳನ್ನೇ.

ಹುದುಗು ಎಂದರೇನೆಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಾಗ ಉಬ್ಬಿ ಪಾತ್ರೆಯನ್ನು ಮೀರುವುದನ್ನು ಅವರು ಬಲ್ಲರು. ಚಳಿಗಾಲದಲ್ಲಿ ಉಬ್ಬದಿರುವುದನ್ನೂ ಬಲ್ಲರು. ಇಲ್ಲಿಯೂ ಅಂತೆಯೇ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲವಾಯುವನ್ನೂ ಹೊರಬಿಡುತ್ತದೆ. ಇದು ಜೀವಿಯ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಸ್ಚರನು 1850ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟು, 1866ರಲ್ಲಿ ವೈನನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ನಮ್ಮ ಪ್ರಾಚೀನರು ಆ ಜೀವಿಯನ್ನು ಕಾಣದಿದ್ದರೂ ಅದರ ಬೀಜಕ್ಕೆ ‘ಕಿಣ್ವ’ವೆಂದು ಹೆಸರಿಟ್ಟಿದ್ದರು, ಆ ಶಬ್ದವು ಈಗ ನಮ್ಮ ಶಾಲೆಯ ಪುಸ್ತಕಗಳಲ್ಲಿ ಸ್ವಲ್ಪ ಬೇರೆ ಅರ್ಥದಲ್ಲಿ ಬದುಕಿಕೊಂಡಿದೆ. ಲೀಟರಿಗೆ ಸುಮಾರು 17 ಗ್ರಾಮ್ ಸಕ್ಕರೆಯು ನೂರಕ್ಕೆ ಒಂದು ಪಾಲು ಮದ್ಯಸಾರವಾಗುತ್ತದೆಂಬುದು ಲೆಕ್ಕ. 220 ಗ್ರಾಮಿನ ರಸವು ಹದಿಮೂರರ ಹತ್ತಿರಕ್ಕೆ ಬಂದು ನಿಲ್ಲುವುದು ಹೀಗೆ. ಅಂಗಾರಾಮ್ಲವಾಯುವಾದರೋ ಲೀಟರಿಗೆ ಐವತ್ತು ಲೀಟರಿಗೂ ಮಿಗಿಲಾಗಿ ಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ನೆಲದ ಮೇಲೆ ಮಡುಗಟ್ಟಿ ನಿಂತು ಮನುಷ್ಯನ ಉಸಿರನ್ನು ಕಟ್ಟಬಲ್ಲದು. ಹಂಡೆಯೊಳಕ್ಕೆ ಇಳಿದು ತೊಳೆಯುವ ಕೂಲಿಗಳು ಇಳಿಯುವ ಮುನ್ನ ಗಾಳಿಯನ್ನು ಪರೀಕ್ಷಿಸಲೇಬೇಕು. ಬಂದ ಹದಿನೈದು ಜನರಲ್ಲಿ ಒಬ್ಬರೂ ಈ ಸಂಗತಿಯನ್ನು ಕೇಳಲಿಲ್ಲ. ಅವರೆಲ್ಲರೂ ಪೀಪಾಯಿಗಳ ಮುಂದೆ ನಿಂತು ಪಟ ತೆಗೆಸಿಕೊಳ್ಳುವ ಆತುರದಲ್ಲಿದ್ದರು.

ಪೀಪಾಯಿಗಳ ಕೋಣೆ ಚೆಲುವಾಗಿತ್ತೆಂಬುದು ನಿಜ. ಮಂದವಾದ ದೀಪ, ತಂಪು, ಮರದ ವಾಸನೆ. ಒಂದೊಂದು ಪೀಪಾಯಿಯೂ 225 ಲೀಟರಿನದು, ಎಂದರೆ ಮುನ್ನೂರು ಸೀಸೆಗಳಷ್ಟು. ಓಕ್ ಮರದ ಹಲಗೆಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ್ದರಿಂದ ಅದರಿಂದ ವೆನಿಲಾದ ಪರಿಮಳವೂ ಲವಂಗದ ಪರಿಮಳವೂ ವೈನಿಗೆ ಇಳಿಯುತ್ತವೆ. ಲವಂಗದ್ದೆಂದರೆ ಹೋಲಿಕೆಯ ಮಾತಲ್ಲ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಎಂಬ ವಸ್ತುವೇ ಓಕಿನಲ್ಲಿಯೂ ಉಂಟು. ಬಿರಡೆಯಾದರೋ ಇನ್ನೊಂದು ಜಾತಿಯ ಓಕಿನ ತೊಗಟೆ, ಹೆಚ್ಚಾಗಿ ಪೋರ್ಚುಗಲ್ ದೇಶದ್ದು. ಮರಕ್ಕೆ ಇಪ್ಪತ್ತೈದು ವರ್ಷವಾಗುವವರೆಗೆ ತೊಗಟೆಯನ್ನು ತೆಗೆಯುವಂತಿಲ್ಲ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ತೀರ ಚಿಕ್ಕ ವಸ್ತುವಿನ ಹಿಂದೆ ಎಷ್ಟು ಕಾಯುವಿಕೆ!

ಇನ್ನು ರುಚಿ ನೋಡುವ ಪ್ರಕರಣ. ನಾವು ಕುಡಿಯುವವರಲ್ಲ, ಅರವತ್ತರಲ್ಲಿ ಆರಂಭಿಸುವ ಇಚ್ಛೆಯೂ ಇಲ್ಲ. ಆದರೆ ಈ ವಿದ್ಯೆಯಲ್ಲಿ ವೃತ್ತಿಯವರು ಯಾರೂ ನುಂಗುವುದಿಲ್ಲ. ದಿನಕ್ಕೆ ಹಲವಾರು ಬಟ್ಟಲು ನೋಡಬೇಕಾದವನು ನುಂಗಿದರೆ ಮಧ್ಯಾಹ್ನದೊಳಗೆ ನಾಲಗೆಯೂ ಬುದ್ಧಿಯೂ ಎರಡೂ ಹೋದವು. ಆದ್ದರಿಂದ ಮೇಜಿನ ಮೇಲೆ ಉಗುಳುವುದಕ್ಕೊಂದು ಪಾತ್ರೆಯನ್ನಿಡುವುದು ಶಾಸ್ತ್ರೋಕ್ತ. ಆ ಪಾತ್ರೆ ಅಲ್ಲಿಯೂ ಇತ್ತು. ಮೂಲೆಯಲ್ಲಿ, ಖಾಲಿಯಾಗಿ, ಹೂದಾನಿಯೆಂದು ತಿಳಿಯುವಷ್ಟು ಶುಭ್ರವಾಗಿ. ನಾವು ಅದನ್ನು ಮುಂದಕ್ಕೆಳೆದುಕೊಂಡು ಕುಳಿತೆವು. ಬಿಳಿಯದು ಮೊದಲು, ಕೆಂಪು ಆಮೇಲೆ. ಸಿಹಿಯಿಲ್ಲದ್ದು ಮೊದಲು, ಸಿಹಿಯಾದದ್ದು ಕೊನೆಗೆ. ಒಂದೊಂದು ಬಟ್ಟಲಿಗೆ ಸುಮಾರು 30 ಮಿಲಿಲೀಟರು. ಬಟ್ಟಲನ್ನು ಓರೆಯಾಗಿ ಹಿಡಿದು ಬಣ್ಣವನ್ನು ನೋಡುವುದು, ಮೆಲ್ಲನೆ ತಿರುಗಿಸಿ ಮೂಸುವುದು, ತುಸುವನ್ನು ಬಾಯಿಗೆ ತೆಗೆದುಕೊಂಡು ನಾಲಗೆಯ ಎಲ್ಲ ಕಡೆಗೂ ಆಡಿಸುವುದು. ಸಾರಿನ ರುಚಿ ನೋಡುವ ಅಡಿಗೆಯವರ ಕ್ರಮವೂ ಹೆಚ್ಚು ಬೇರೆಯಲ್ಲ.

ತೊಡಕು ಬಂದದ್ದು ಮಾತಿನಲ್ಲಿ. ಶಿಷ್ಯನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದನು. ಕಂಪನಿಯವರು ಬರೆದುಕೊಟ್ಟ ಪಾಠವೇ ಹಾಗೆ. ಮೊದಲನೆಯ ವೈನನ್ನು ‘ಡ್ರೈ’ ಎಂದನು. ತುಮಕೂರಿನ ಯಜಮಾನರು ಬಟ್ಟಲನ್ನು ಬಗ್ಗಿ ನೋಡಿ, “ಒಣಗಿದ್ದೆಲ್ಲಿ? ನೀರಾಗಿಯೇ ಇದೆಯಲ್ಲ” ಎಂದರು. ಸಕ್ಕರೆಯೆಲ್ಲವೂ ಹುದುಗಿ ತೀರಿ ಸಿಹಿಯುಳಿಯದ್ದು ಎಂದಷ್ಟೇ ಅದರ ಅರ್ಥ. ಎರಡನೆಯದರಲ್ಲಿ, ಅದು ಸೋವಿನ್ಯೋನ್ ಬ್ಲಾಂಕ್ ಎಂಬ ತಳಿಯದು, ‘ಗೂಸ್‌ಬೆರಿ’ಯ ವಾಸನೆಯಿದೆಯೆಂದನು. ಎಲ್ಲರೂ ನೆಲ್ಲಿಕಾಯನ್ನು ನೆನೆದು ಮೂಸಿದರು, ಸಿಕ್ಕಲಿಲ್ಲ. ಸಿಕ್ಕುವುದೆಂತು? ನಮ್ಮ ಕೋಶಗಳಲ್ಲಿ ಗೂಸ್‌ಬೆರಿಗೆ ನೆಲ್ಲಿಯೆಂದು ಅರ್ಥ ಬರೆದಿದ್ದರೂ ಇಂಗ್ಲೆಂಡಿನ ಆ ಹಣ್ಣೇ ಬೇರೆ, ಅದರ ಗಿಡವೇ ಬೇರೆ. ಆಗ ಆ ಗೃಹಿಣಿಯು ಇನ್ನೊಮ್ಮೆ ಮೂಸಿ, ಕುಡಿಯದೆಯೇ, “ಸೀಬೆಹಣ್ಣು ಕೊಯ್ದ ಹಾಗಿದೆ; ಹಿಂದೆ ಹಸಿ ದಪ್ಪಮೆಣಸಿನಕಾಯಿ” ಎಂದರು. ಶಿಷ್ಯನ ಮುಖ ಅರಳಿತು. ಎರಡೂ ಸರಿ, ಆ ತಳಿಯ ಲಕ್ಷಣವನ್ನು ಹೇಳುವ ಇಂಗ್ಲಿಷ್ ಪುಸ್ತಕಗಳಲ್ಲಿಯೂ ಅವೆರಡು ಹೆಸರುಗಳಿವೆಯಂತೆ. ಪುಸ್ತಕವನ್ನೋದದ ಆಕೆ ಅಡಿಗೆಮನೆಯ ನೆನಪಿನಿಂದಲೇ ಅವನ್ನು ಹೇಳಿದ್ದರು.

ನಾಲ್ಕನೆಯದು ಷಿರಾಜ್, ಕಡುಗೆಂಪು. ನಾವೂ ತುಸು ಬಾಯಿಗೆ ಹಾಕಿ, ಗಮನಿಸಿ, ಪಾತ್ರೆಗೆ ಉಗುಳಿದೆವು. ಮೂಗಿಗೆ ಬಂದದ್ದು ಸ್ಪಷ್ಟವಾಗಿ ಮೆಣಸು, ಆಗತಾನೆ ಕುಟ್ಟಿದ ಕರಿಮೆಣಸು. ಇದಕ್ಕೂ ಕಾರಣ ತಿಳಿದುಬಂದಿದೆ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಷಿರಾಜ್ ದ್ರಾಕ್ಷಿಯ ಆ ವಾಸನೆಗೆ ರೊಟುಂಡೋನ್ ಎಂಬ ವಸ್ತುವು ಕಾರಣವೆಂದು ಪ್ರಕಟಿಸಿದರು. ಕರಿಮೆಣಸಿನಲ್ಲಿರುವುದೂ ಅದೇ, ಸಾವಿರಾರು ಪಾಲು ಹೆಚ್ಚಾಗಿ. ಬಾಯಲ್ಲಿ ಉಳಿದದ್ದು ಬೇರೆ. ನಾಲಗೆ ಹಿಡಿದಂತಾಗಿ, ಒಸಡು ಒಣಗಿ, ಕೆನ್ನೆಯ ಒಳಬದಿ ಜಗ್ಗಿತು. ‘ಟ್ಯಾನಿನ್’ ಎಂದು ಶಿಷ್ಯನು ಹೇಳಿದನು. ತರುಣರು ತಲೆದೂಗಿದರು, ಅರ್ಥವಾಗದವರು ತಲೆದೂಗುವ ರೀತಿಯಲ್ಲಿ. ನಾವು ಸುಮ್ಮನಿರಲಾರದೆ ಕೇಳಿದೆವು: “ಒಗರು ಅನ್ನಬಾರದೇನಪ್ಪ?”

ಆ ಒಂದು ಮಾತಿಗೆ ಮೇಜಿನ ಸುತ್ತಲೂ ಅಷ್ಟು ಬಾಯಿಗಳು ತೆರೆದದ್ದು ನಮಗೇ ಆಶ್ಚರ್ಯ. ನೇರಳೆಹಣ್ಣು ಎಂದರೊಬ್ಬರು, ಬಾಳೆಕಾಯಿ ಎಂದರಿನ್ನೊಬ್ಬರು, ಎಳೆಯ ಗೋಡಂಬಿ ಹಣ್ಣು ಎಂದರು ಮತ್ತೊಬ್ಬರು. ವೃದ್ಧ ದಂಪತಿಗಳು ತೀರ್ಥಹಳ್ಳಿಯ ಕಡೆಯವರು. ಅವರು “ಅಡಿಕೆಯ ಚೊಗರು” ಎಂದರು, ಅದಕ್ಕಿಂತ ಸರಿಯಾದ ಮಾತಿಲ್ಲ. ಹಸಿಯಡಿಕೆಯನ್ನು ಬೇಯಿಸಿದಾಗ ಇಳಿಯುವ ಆ ಕೆಂಪು ರಸದಲ್ಲಿರುವುದು ಟ್ಯಾನಿನ್ನೇ. ಅದು ಬಾಯ ಜೊಲ್ಲಿನಲ್ಲಿರುವ ಜಾರುಗುಣದ ವಸ್ತುವಿನೊಡನೆ ಕೂಡಿ ಗರಣೆಗಟ್ಟುವುದರಿಂದ ಬಾಯಿ ಒಣಗಿದಂತೆ ತೋರುತ್ತದೆ. ಷಡ್ರಸಗಳಲ್ಲಿ ‘ಕಷಾಯ’ವೆಂದು ನಮ್ಮವರು ಒಂದನ್ನು ಪ್ರತ್ಯೇಕಿಸಿ ಎಣಿಸಿದ್ದು ಇದನ್ನೇ. ಇಂಗ್ಲಿಷಿನವರು ಸಿಹಿ, ಹುಳಿ, ಉಪ್ಪು, ಕಹಿಗಳೊಡನೆ ಇದನ್ನು ರುಚಿಯ ಪಂಕ್ತಿಯಲ್ಲಿ ಕೂರಿಸದೆ ಸ್ಪರ್ಶದ ಕಡೆಗೆ ತಳ್ಳಿದರು. ಕನ್ನಡದ ಮಗುವಾದರೋ ಐದನೆಯ ವರ್ಷಕ್ಕೇ ಒಗರೆಂದು ಮುಖ ಸಿಂಡರಿಸುತ್ತದೆ. ಹೀಗಿರುವಾಗ ನಮ್ಮ ಜನರು ಆ ಮೇಜಿನ ಮುಂದೆ ಬಾಯಿಲ್ಲದವರಂತೆ ಕುಳಿತಿರುವುದೇಕೆ? ತಿಳಿಯದವನು ತಲೆದೂಗುತ್ತಾನೆ, ತಲೆದೂಗಿದವನು ಹೊರಡುವಾಗ, ತನಗೆ ರುಚಿಸಿತೋ ಇಲ್ಲವೋ ಎಂಬುದನ್ನು ವಿಚಾರಿಸದೆ, ಬೆಲೆ ಹೆಚ್ಚಾದ ಸೀಸೆಯನ್ನೇ ಕೊಳ್ಳುತ್ತಾನೆ. ರುಚಿ ನೋಡುವ ಕೋಣೆಯ ಬಾಗಿಲು ಮಾರುವ ಅಂಗಡಿಯೊಳಕ್ಕೇ ತೆರೆಯುತ್ತದೆಂಬುದನ್ನು ನಾವು ಗಮನಿಸಿದೆವು.

ಇನ್ನೊಂದನ್ನೂ ಗಮನಿಸಿದೆವು, ಮತ್ತು ಅದು ನಮ್ಮ ಮನಸ್ಸಿಗೆ ಹಿಡಿಸಲಿಲ್ಲ. ಒಬ್ಬ ತರುಣನು ಐದನ್ನೂ ನುಂಗಿ, ಮತ್ತೆರಡನ್ನು ಬೇಡಿ ತರಿಸಿಕೊಂಡು, ಕಾರಿನ ಬೀಗದಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಹೊರಟನು. ಜೊತೆಗೆ ಹೆಂಡತಿ, ತೊಡೆಯ ಮೇಲೆ ಕೂಸು. ಯಾರೂ ಏನೂ ಕೇಳಲಿಲ್ಲ. ನಾವು ಚೀಟಿಯ ಹಿಂಭಾಗದಲ್ಲಿ ಲೆಕ್ಕ ಹಾಕಿದೆವು. ವಾಚಕರೂ ಹಾಕಿ ನೋಡಬಹುದು. ಐದು ಬಟ್ಟಲಿಗೆ 150 ಮಿಲಿಲೀಟರು. ನೂರಕ್ಕೆ ಹನ್ನೆರಡೂವರೆಯಂತೆ ಅದರಲ್ಲಿ ಮದ್ಯಸಾರ ಸುಮಾರು 19 ಮಿಲಿಲೀಟರು, ತೂಕದಲ್ಲಿ 15 ಗ್ರಾಮ್. ಅರವತ್ತು ಕಿಲೋ ತೂಗುವ ಗಂಡಸಿನ ಮೈಯಲ್ಲಿ ಅದು ಹರಡಿಕೊಳ್ಳುವ ಭಾಗ ನೂರಕ್ಕೆ 68 ಎಂದು ವೈದ್ಯರ ಎಣಿಕೆ, ಎಂದರೆ ಸುಮಾರು 41 ಕಿಲೋ. ಭಾಗಿಸಿದರೆ ರಕ್ತದ 100 ಮಿಲಿಲೀಟರಿಗೆ 36 ಮಿಲಿಗ್ರಾಮ್ ಬರುತ್ತದೆ. ಮೋಟಾರು ವಾಹನಗಳ ಕಾಯಿದೆಯ ಮಿತಿಯು 30. ಹೆಂಗಸರಿಗಾದರೆ ಅಂಕಿಯು ಇನ್ನೂ ಮೇಲೇರುತ್ತದೆ. ಊಟ ಮಾಡಿ, ಒಂದೆರಡು ಗಂಟೆ ಕಳೆದರೆ ಇಳಿಯುವುದು ನಿಜ. ಕೂಡಲೇ ಹೊರಟರೆ ಬರಿಯ ‘ರುಚಿ ನೋಡಿದ’ವನೇ ಅಪರಾಧಿಯಾಗುತ್ತಾನೆ. ಮೊದಲನೆಯ ಸಲ ಸಿಕ್ಕಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಸಿಕ್ಕದೆ ಹೋದರೆ ಆಗಬಹುದಾದ ದಂಡಕ್ಕೆ ಲೆಕ್ಕವಿಲ್ಲ. ಶಿಷ್ಯನಿಗೆ ಚೀಟಿಯನ್ನು ತೋರಿಸಿದೆವು. “ಗಿರಾಕಿಗಳನ್ನು ಕೇಳಿದರೆ ಮುನಿಸಿಕೊಳ್ಳುತ್ತಾರೆ ಮೇಷ್ಟ್ರೇ” ಎಂದನಾದರೂ ಚೀಟಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡನು.

ವೈನು ಹೃದಯಕ್ಕೆ ಹಿತವೆಂಬ ಮಾತು ಆ ಅಂಗಡಿಯಲ್ಲಿಯೂ ಕಿವಿಗೆ ಬಿತ್ತು. 1990ರ ದಶಕದಲ್ಲಿ ಆ ಮಾತು ಬಹಳ ಹಬ್ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ, ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ಸ್ಪಷ್ಟವಾಗಿ ಸಾರಿದೆ. ಮದ್ಯಪಾನವು ಅರ್ಬುದರೋಗಕ್ಕೆ ಕಾರಣಗಳಲ್ಲೊಂದೆಂಬುದು 1988ರಿಂದಲೂ ಅದರ ಸಂಶೋಧನಾಂಗದ ಪಟ್ಟಿಯಲ್ಲಿದೆ. ಔಷಧವೆಂಬ ನೆಪ ಬೇಡ. ಹಾಗೆಂದು, ನಮ್ಮ ಮನೆಗಳಲ್ಲಿ ಮದ್ಯಸಾರವೇ ಕಾಲಿಟ್ಟಿಲ್ಲವೆಂದು ಹೇಳುವುದೂ ಸತ್ಯವಲ್ಲ. ಬಾಣಂತಿಗೆ ಕೊಡುವ ದಶಮೂಲಾರಿಷ್ಟದ ಸೀಸೆಯ ಮೇಲಿನ ಚೀಟಿಯನ್ನು ಓದಿ ನೋಡಿ. ನೂರಕ್ಕೆ ಐದರಿಂದ ಹತ್ತರವರೆಗೆ ತಾನಾಗಿ ಹುಟ್ಟಿದ ಮದ್ಯಸಾರವೆಂದು ಬರೆದಿರುತ್ತದೆ. ಧಾತಕೀಪುಷ್ಪವನ್ನು ಹಾಕಿ ಮಡಕೆಯಲ್ಲಿ ಮುಚ್ಚಿಡುವ ಆಸವ ಅರಿಷ್ಟಗಳೂ ಈ ಉಕ್ಕಿನ ಹಂಡೆಯ ದಾಯಾದಿಗಳೇ. ಭೇದವಿರುವುದು ಒಂದೆರಡು ಚಮಚೆಯ ಅಳತೆಯಲ್ಲಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವೆಂದೇ ಒಂದು ಅಧ್ಯಾಯವಿದ್ದು, ಮದವೇರುವ ಅವಸ್ಥೆಗಳನ್ನು ಮೆಟ್ಟಲು ಮೆಟ್ಟಲಾಗಿ ವರ್ಣಿಸಿದೆ. ಮೊದಲನೆಯ ಮೆಟ್ಟಲಲ್ಲಿ ನಿಲ್ಲಬಲ್ಲೆನೆಂದು ಹೇಳಿಕೊಂಡು ಹೊರಟವರೇ ಮೂರನೆಯದರಲ್ಲಿಯೂ ಕಾಣಸಿಗುತ್ತಾರೆಂಬುದು ನಮ್ಮ ಅನುಭವ.

ತಾಯಿಗೆ ನಾವು ಕಂಡದ್ದನ್ನು ಕಂಡಂತೆಯೇ ಹೇಳಿದೆವು. “ನಿಮ್ಮ ಮಗ ಮಾಡುವ ಕೆಲಸದಲ್ಲಿ ವಿದ್ಯೆ ಉಂಟು ತಾಯಿ, ಶುದ್ಧಿ ಉಂಟು, ಮೋಸವಿಲ್ಲ. ಗಂಟೆಗಂಟೆಗೂ ಎದ್ದು ಕಾಯುತ್ತಾನೆ. ತಾನು ಕುಡಿಯುವುದಿಲ್ಲ, ಉಗುಳುತ್ತಾನೆ. ಆದರೆ ಅದು ಮದ್ಯವಲ್ಲವೆಂದು ಮಾತ್ರ ನಾವು ಹೇಳಲಾರೆವು. ಹೆಣ್ಣು ಕೊಡುವವರಿಗೆ ಹಣ್ಣಿನ ಕಂಪನಿಯೆಂದು ಹೇಳಬೇಡಿ. ವೈನು ಮಾಡುತ್ತಾನೆಂದೇ ಹೇಳಿ. ಮುಚ್ಚಿಟ್ಟದ್ದು ಹೊರಬಿದ್ದಾಗ ಸಂಬಂಧ ಮುರಿಯಿತೇ ಹೊರತು, ಮೊದಲೇ ಹೇಳಿ ಮುರಿದದ್ದು ಒಂದೂ ಇಲ್ಲ” ಎಂದೆವು.

ಆಕೆ ಬಹಳ ಹೊತ್ತು ಸುಮ್ಮನಿದ್ದರು. ಅವರ ತಂದೆ ಸಾರಾಯಿಯಿಂದ ಎರಡೆಕರೆ ಹೊಲವನ್ನೂ, ಆಮೇಲೆ ಪ್ರಾಣವನ್ನೂ ಕಳೆದುಕೊಂಡವರೆಂಬುದು ನಮಗೆ ಅಂದೇ ತಿಳಿದದ್ದು. “ನಮ್ಮಪ್ಪನಿಗೆ ಮಾರುತ್ತಿದ್ದವರೂ ನಮ್ಮದು ಶುದ್ಧವಾದ ಸರಕು ಅಂತಲೇ ಹೇಳ್ತಿದ್ದರು ಮೇಷ್ಟ್ರೇ” ಎಂದರು. ಅದಕ್ಕೆ ನಾವು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ, “ಆಗಲಿ, ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ಒಪ್ಪಿದವರು ಒಪ್ಪಲಿ” ಎಂದು ಎದ್ದು ಕಾಫಿ ತರಲು ಒಳಗೆ ಹೋದರು.

ಮೊನ್ನೆ ಶಿಷ್ಯನಿಂದ ಕಾಗದ ಬಂದಿದೆ. ಮದುವೆಯ ಮಾತು ಅದರಲ್ಲಿಲ್ಲ. ಮೊದಲನೆಯ ಬಟ್ಟಲನ್ನು ಸುರಿಯುವ ಮುನ್ನವೇ ಕಾರು ನಡೆಸುವವರು ಯಾರೆಂದು ಕೇಳಿ, ಅವರಿಗೆ ಬೆಂಗಳೂರು ನೀಲಿಯ ಹಣ್ಣಿನ ರಸವನ್ನು ಕೊಡುವ ಪದ್ಧತಿಯನ್ನು ತನ್ನ ಸರದಿಯ ದಿನಗಳಲ್ಲಿ ಆರಂಭಿಸಿದ್ದಾನಂತೆ. ಇಬ್ಬರು ಮುನಿಸಿಕೊಂಡರಂತೆ; ಹಲವರ ಹೆಂಡತಿಯರು ಕೈಮುಗಿದರಂತೆ. ಉಗುಳುವ ಪಾತ್ರೆಯು ಮೂಲೆಯಿಂದ ಮೇಜಿನ ನಡುವಿಗೆ ಬಂದಿದೆ. ಕನ್ನಡದವರು ಬಂದಾಗ ಒಗರು, ಹುಳಿ, ಮೆಣಸು, ಸೀಬೆ ಎಂದೇ ಹೇಳುತ್ತಾನೆ. ಕಳೆದ ವಾರ ಹುಬ್ಬಳ್ಳಿಯ ಕಡೆಯ ಮುದುಕಿಯೊಬ್ಬರು ಮೊಮ್ಮಕ್ಕಳ ಸಂಗಡ ಬಂದು, ಕೆಂಪು ವೈನನ್ನು ಮೂಸಿಯೂ ನೋಡದೆ ಕುಳಿತಿದ್ದವರು, ಇವನು ‘ಒಗರು’ ಎಂದೊಡನೆ, “ಅಷ್ಟಕ್ಕ ಇಷ್ಟು ದುಡ್ಡು ಕೊಡಬೇಕೇನು ತಮ್ಮಾ? ನಮ್ಮ ಹಿತ್ತಲದಾಗ ನೇರಳಿ ಗಿಡಾನೇ ಐತಿ” ಎಂದರಂತೆ. ಅದನ್ನು ಮಾತ್ರ ಕಂಪನಿಯವರಿಗೆ ತಿಳಿಸಲಿಲ್ಲವೆಂದು ಬರೆದಿದ್ದಾನೆ.